ಆಮೇಲೆ?

ರೇಡಿಯೋ ಕೇಳ್ತಿರೋ ಎಲ್ರಿಗೂ ನಮಸ್ಕಾರ. ನಾನು 22 ವರ್ಷದಿಂದ ಆಪ್ತ ಸಮಾಲೋಚಕಿ, ಅಂದ್ರೆ ಜನ ಹೇಳೋದನ್ನ ಕೇಳಿಸ್ಕೊಳ್ಳೋಕೆ ಸಂಬಳ ತಗೊಳ್ಳೋಳು. ಇರೋ ಟೈಮಲ್ಲಿ ಒಂದೇ ವಿಷಯ ಹೇಳ್ತೀನಿ. ಮನೇಲಿ ಯಾರಾದ್ರೂ ಟೆನ್ಷನ್‌ನಲ್ಲಿ ಒದ್ದಾಡ್ತಿದ್ರೆ ಅವ್ರಿಗೆ ಬುದ್ಧಿ ಹೇಳ್ಬೇಡಿ. ಅಷ್ಟೇ. ಒಗ್ಗರಣೆ ಹಾಕ್ತಾ ಕೇಳ್ತಿರೋರು "ಅಯ್ಯೋ ಇಷ್ಟೇನಾ" ಅಂತೀರ, ಆದ್ರೆ ನಿನ್ನೆ ತಾನೆ ಮಗಳಿಗೋ ನಾದಿನಿಗೋ "ತಲೆ ಕೆಡಿಸ್ಕೋಬೇಡ ಬಿಡು, ನಾವೆಲ್ಲ ಎಷ್ಟು ಕಷ್ಟ ಪಟ್ಟಿಲ್ಲ" ಅಂದಿರ್ತೀರ, ಅಂದಿಲ್ಲ ಅಂತ ಹೇಳಿ ನೋಡೋಣ!

ನಾನೂ ಅಂದಿದೀನಿ. ನನ್ ತಮ್ಮ ಚಿಂತಾಮಣಿ ಕಡೆ ಟೊಮೆಟೊ ಬೆಳೀತಾನೆ. ಒಂದ್ ವರ್ಷ ರೇಟ್ ಎಷ್ಟು ಬಿದ್ದೋಯ್ತು ಅಂದ್ರೆ 15 ಕೆಜಿ ಬಾಕ್ಸ್ ಮಂಡಿಗೆ ಹಾಕಿದ್ರೆ ಕಿತ್ತ ಕೂಲೀನೂ ಹುಟ್ತಿರ್ಲಿಲ್ಲ. ಊಟ ಬಿಟ್ಟ, ರಾತ್ರಿ 2 ಗಂಟೆಗೆ ಎದ್ದು ಅಂಗಳದಲ್ಲಿ ಓಡಾಡೋನು, ಫೋನ್ ರಿಂಗಾದ್ರೆ ಮುಖ ಬಿಳುಚ್ಕೊಳ್ಳೋದು. ಅಮ್ಮ ಹೇಳಿ ಕಳ್ಸಿದ್ಳು, ನಾನೇನು ಕಮ್ಮಿನಾ, ಓದಿರೋಳು, ಬಸ್ ಇಳಿದೋಳೇ ಶುರು ಹಚ್ಕೊಂಡೆ. ಉಸಿರು ಹಿಂಗೆ ಎಳ್ಕೋ, ಬೆಳಗ್ಗೆ ವಾಕ್ ಹೋಗು (ಹೊಲ ಉಳೋನಿಗೆ ವಾಕ್ ಹೋಗು ಅಂದ ಮಹಾತಾಯಿ ನಾನು), ಪಾಸಿಟಿವ್ ಆಗಿರು. ಅವ್ನು "ಹೂಂ ಅಕ್ಕ, ಹೂಂ ಅಕ್ಕ" ಅಂದು ಚಪ್ಪಲಿ ಮೆಟ್ಕೊಂಡು ಪಂಪ್‌ಸೆಟ್ ಕಡೆ ಹೋಗ್ಬಿಟ್ಟ.

ಸಂಕ್ರಾಂತಿ ಹತ್ರದ ದಿನ ಅದು. ರಾತ್ರಿ ಅಮ್ಮ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ ತಂದು ನಡುಮನೇಲಿ ಇಟ್ಟು "ಬಾರೋ, ಹಿತುಕು, ನಂಗೊಬ್ಳಿಗೇ ಆಗಲ್ಲ" ಅಂದ್ಳು. ಮೂರೂ ಜನ ಕೂತ್ವಿ. ಕಾಳು ಹಿತುಕೋವಾಗ ಯಾರೂ ಯಾರ ಮುಖಾನೂ ನೋಡಲ್ಲ ನೋಡಿ, ಕಣ್ಣೆಲ್ಲ ಬೆರಳ ತುದೀಲಿ, ಪಚಕ್ ಅಂತ ಸಿಪ್ಪೆ ಈ ಕಡೆ ಬೇಳೆ ಆ ಕಡೆ. ಅರ್ಧ ಗಂಟೆ ಮಾತೇ ಇಲ್ಲ. ಆಮೇಲೆ ಅವನಷ್ಟಕ್ಕೆ ಅವ್ನೇ "ಕೈಸಾಲ ಮಾಡಿದೀನಮ್ಮ" ಅಂದ. ನನ್ ನಾಲಿಗೆ ತುರಿಸ್ತು, ಎಷ್ಟು, ಯಾರ ಹತ್ರ, ಯಾಕ್ ಹೇಳ್ಲಿಲ್ಲ ಅಂತ ಕೇಳೋಕೆ ಬಾಯಿ ತೆಗೆದೆ, ಅಮ್ಮ ಕಾಲಲ್ಲಿ ನನ್ ಕಾಲು ಒತ್ತಿದ್ಳು. ಅವ್ಳು ಕೇಳಿದ್ದು ಒಂದೇ ಮಾತು, "ಆಮೇಲೆ?" ಅವ್ನು ಇನ್ನೊಂದಿಷ್ಟು ಹೇಳ್ದ. "ಹೂಂ, ಆಮೇಲೆ?" ಹಿಂಗೇ 11 ಗಂಟೆ ತನಕ. ಹೆಂಡ್ತಿಗೆ ಗೊತ್ತಿಲ್ಲ ಅನ್ನೋದು, ಸಾಯೋಣ ಅನ್ಸಿತ್ತು ಅನ್ನೋದು, ಎಲ್ಲ ಬಂತು. ಬೆಳಗ್ಗೆ ಎದ್ ನೋಡಿದ್ರೆ ಹೊಲಕ್ಕೆ ಹೊಡಿಯೋ ಔಷಧಿ ಡಬ್ಬಗಳನ್ನೆಲ್ಲ ಅಮ್ಮ ಪಕ್ಕದ್ಮನೆ ರೂಮಲ್ಲಿಟ್ಟು ಬೀಗ ಹಾಕ್ಸಿದ್ಳು. ನಂಗೆ ಸರ್ಟಿಫಿಕೇಟ್ ಇದೆ, ಅವ್ಳು ನಾಲ್ಕನೇ ಕ್ಲಾಸು.

ಕತೇಲೇ ಟೈಮ್ ಹೋಯ್ತು, ಗಾಜಿನ ಆಚೆಯಿಂದ ಕೈ ಸನ್ನೆ ಮಾಡ್ತಿದಾರೆ. ಇನ್ನೆರಡು ಬೇಗ ಹೇಳ್ಬಿಡ್ತೀನಿ. "ಏನಾದ್ರೂ ಬೇಕಿದ್ರೆ ಹೇಳು" ಅನ್ಬೇಡಿ, ಅವ್ರು ಹೇಳಲ್ಲ. ನೀವೇ ಹೋಗಿ ಅವ್ರ ಮಗೂನ ಸ್ಕೂಲಿಂದ ಕರ್ಕೊಂಬನ್ನಿ, ಕರೆಂಟ್ ಬಿಲ್ ಕಟ್ಬಿಡಿ. ಇನ್ನೊಂದು, ಸಾಯೋ ಮಾತು ಬಂದ್ರೆ "ಥೂ ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸ್ಬೇಡಿ. ಅನುಮಾನ ಬಂದ್ರೆ ನೇರವಾಗೇ ಕೇಳಿ, ಕೇಳಿದ್ರೆ ಇಲ್ಲದ ಯೋಚ್ನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಒಬ್ರನ್ನೇ ಬಿಡ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಇದೆ, 2022ರಲ್ಲಿ ಶುರುವಾಗಿದ್ದು, ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ದಿನದ 24 ಗಂಟೆ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಕಷ್ಟದಲ್ಲಿರೋರೇ ಮಾಡ್ಬೇಕು ಅಂತಿಲ್ಲ, ಮನೆಯೋರೂ ಮಾಡ್ಬೋದು.

ತಮ್ಮ ಏನಾದ ಅಂತೀರಾ? ಅದೇ ವಾರ ಹೆಂಡ್ತಿಗೆ ಹೇಳ್ದ, ಅವ್ಳು ಚೆನ್ನಾಗಿ ಬೈದು ಆಮೇಲೆ ಜೊತೇಲೇ ಹೋಗಿ ಸಾಲ ಕೊಟ್ಟೋರ ಹತ್ರ ಕಂತು ಮಾಡ್ಕೊಂಡು ಬಂದ್ಳು. ಈಗ್ಲೂ ಟೊಮೆಟೊನೇ ಹಾಕ್ತಾನೆ, ಏನೂ ಹೇಳಲ್ಲಪ್ಪ ನಾನು.

ಆಯ್ತು ಆಯ್ತು, ಮುಗಿಸ್ದೆ. ನಂಬರ್ 14416. ಒಂದು, ನಾಲ್ಕು, ನಾಲ್ಕು, ಒಂದು, ಆರು. ಬರ್ಕೊಂಡ್ರಾ?