ಸೌಟು ಯಾರ ಕೈಯಲ್ಲಿದೆ?

ಅಧ್ಯಕ್ಷರೆ, ಸಭಾಪಾಲಕರೆ, ಹಿರಿಯರೆ, ಸಹೋದರ ಸಹೋದರಿಯರೆ,

ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥಿಸುವ ಈ ಜನವರಿಯ ವಾರದಲ್ಲಿ ಅಮೆರಿಕದ ಇವಾಂಜೆಲಿಕಲ್ ಸಭೆಗಳ, ಎಂದರೆ ಬೈಬಲಿಗೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟಂಟ್ ಚರ್ಚುಗಳ, ವರ್ಣಭೇದದ ಕುರಿತು ಮಾತನಾಡಲು ಅವಕಾಶ ಕೊಡಿ ಎಂದು ನಾನಾಗಿಯೇ ಕೇಳಿಕೊಂಡೆ. ಐಕ್ಯತೆಯ ಬಗ್ಗೆ ಒಳ್ಳೆಯ ಮಾತನಾಡುವುದು ಸುಲಭ. ಆ ಮಾತನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆ ಎಂದು ವಿಚಾರಿಸುವುದು ಅಷ್ಟು ಸುಲಭವಲ್ಲ. ಆ ದೇಶದ ಸಭೆಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನಲ್ಲಿ ಬಲಿಯುತ್ತ ಬಂದ ಅನುಮಾನವೆಂದರೆ, ಅಲ್ಲಿ ಐಕ್ಯತೆಯ ಕರೆ ಬಹುಮಟ್ಟಿಗೆ ನೋಯಿಸಿದವರ ಮನೆಯಿಂದ ಹೊರಟು ನೊಂದವರ ಬಾಗಿಲಿಗೇ ಬಂದು ನಿಂತಿದೆ.

ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಬೈಬಲಿನಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರ ಕಥೆ ಹೇಳುವ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೆಯ ಅಧ್ಯಾಯ ಈ ಗಾದೆಯನ್ನು ತಿರುಗಿಸಿ ಹೇಳಿದ ಕಥೆ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯಾಗುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಾಟವೆದ್ದಿತು. ಕ್ರಿಸ್ತನಲ್ಲಿ ನಾವೆಲ್ಲ ಒಂದೇ, ಇಂಥ ಸಣ್ಣ ಮಾತೇಕೆ ಎಂದು ಅಪೊಸ್ತಲರು ಬುದ್ಧಿ ಹೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದರು. ಸ್ತೆಫನನಿಂದ ನಿಕೊಲಾಯನವರೆಗೆ ಆ ಏಳು ಹೆಸರುಗಳನ್ನು ಓದಿ ನೋಡಿ, ಎಲ್ಲವೂ ಗ್ರೀಕ್ ಹೆಸರುಗಳೇ. ಯೆಹೂದ್ಯರಲ್ಲೂ ಅಂಥ ಹೆಸರಿನವರು ಇದ್ದರಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆದರೆ ಏಳಕ್ಕೆ ಏಳೂ ಹಾಗೆ ಬಂದದ್ದು ಆಕಸ್ಮಿಕವೆಂದು ನಾನು ನಂಬಲಾರೆ. ದೂರು ಹೇಳಿದವರ ಕಡೆಯವರ ಕೈಗೇ ಸೌಟು ಹೋಯಿತು.

ಈಗ ಫಿಲಡೆಲ್ಫಿಯಾ ನಗರಕ್ಕೆ ಬನ್ನಿ. ಈ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆಂದು ನನ್ನ ಹೆಂಡತಿ ದೂರುತ್ತಾಳೆ, ಇವತ್ತು ಆಕೆ ಬಂದಿಲ್ಲ. 18ನೆಯ ಶತಮಾನದ ಕೊನೆಯ ಭಾಗ. ರಿಚರ್ಡ್ ಅಲೆನ್ ಗುಲಾಮನಾಗಿ ಹುಟ್ಟಿ, ದುಡಿದು, ತನ್ನ ಬಿಡುಗಡೆಯನ್ನು ತಾನೇ ಹಣ ಕೊಟ್ಟು ಕೊಂಡವನು. ಸೇಂಟ್ ಜಾರ್ಜ್ ಮೆಥೊಡಿಸ್ಟ್ ದೇವಾಲಯದಲ್ಲಿ ಅವನಿಗೆ ಬೋಧಿಸಲು ಸಿಕ್ಕ ಹೊತ್ತು ಬೆಳಗಿನ ಜಾವ ಐದು ಗಂಟೆ. ಆ ಹೊತ್ತಿಗೂ ಜನ ಬಂದರು; ಕಪ್ಪು ಜನರ ಸಂಖ್ಯೆ ಹೆಚ್ಚಿತು. ದೇವಾಲಯಕ್ಕೆ ಮೇಲಂತಸ್ತು ಕಟ್ಟಲು, ನೆಲಕ್ಕೆ ಹೊಸ ಹಾಸು ಹಾಕಲು ಅವರೂ ಚಂದಾ ಕೊಟ್ಟರು. ಒಂದು ಭಾನುವಾರ ಅವರನ್ನು ಮೇಲಂತಸ್ತಿಗೆ ಹೋಗಿ ಎಂದರು, ಹೋದರು. ಪ್ರಾರ್ಥನೆ ಆರಂಭವಾಗಿ ಎಲ್ಲರೂ ಮೊಣಕಾಲೂರಿದ್ದಾಗ ಗುಸುಗುಸು ಕೇಳಿ ಅಲೆನ್ ತಲೆಯೆತ್ತಿ ನೋಡಿದರೆ, ದೇವಾಲಯದ ಧರ್ಮದರ್ಶಿಯೊಬ್ಬನು ಅಲೆನ್‌ನ ಕಪ್ಪು ಸಂಗಾತಿ ಅಬ್ಸಲೋಮ್ ಜೋನ್ಸನನ್ನು ಹಿಡಿದೆಳೆಯುತ್ತಿದ್ದಾನೆ: ಇಲ್ಲಿ ಮೊಣಕಾಲೂರುವಂತಿಲ್ಲ, ಏಳು. ಪ್ರಾರ್ಥನೆ ಮುಗಿಯುವವರೆಗೆ ತಾಳಿ ಎಂದು ಜೋನ್ಸ್ ಬೇಡಿಕೊಂಡ. ಇಲ್ಲ, ಈಗಲೇ ಏಳಬೇಕು, ಇಲ್ಲವಾದರೆ ಜನ ಕರೆದು ಎಬ್ಬಿಸುತ್ತೇನೆ ಎಂದ ಅವನು. ಪ್ರಾರ್ಥನೆ ಮುಗಿಯಲಿ, ಎದ್ದು ಹೋಗುತ್ತೇನೆ, ಮತ್ತೆಂದೂ ನಿಮಗೆ ತೊಂದರೆ ಕೊಡುವುದಿಲ್ಲ ಎಂದ ಜೋನ್ಸ್. ಇನ್ನೊಬ್ಬ ಧರ್ಮದರ್ಶಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕಪ್ಪು ಜನರೆಲ್ಲರೂ ಒಟ್ಟಾಗಿ ಎದ್ದು ಹೊರನಡೆದರು.

1793ರಲ್ಲಿ ಅದೇ ನಗರಕ್ಕೆ ಹಳದಿ ಜ್ವರ ಬಂದು ಅನುಕೂಲಸ್ಥರು ಊರು ಬಿಟ್ಟಾಗ, ಬಿಳಿಯರ ಮನೆಗಳಿಗೆ ಹೋಗಿ ರೋಗಿಗಳ ಆರೈಕೆ ಮಾಡಿ, ಹೆಣ ಹೊತ್ತವರಲ್ಲಿ ಇದೇ ಅಲೆನ್ ಮತ್ತು ಜೋನ್ಸ್ ಮುಂದಾಳುಗಳು. ಆ ಮೇಲೆ, ಕಪ್ಪು ಜನರು ಹೆಚ್ಚು ಕೂಲಿ ಕಿತ್ತರೆಂಬ ಆರೋಪ ಮುದ್ರಣವಾಯಿತು. ಇಬ್ಬರೂ ಖರ್ಚುವೆಚ್ಚದ ಲೆಕ್ಕ ಸಹಿತ ಪುಸ್ತಿಕೆ ಬರೆದು ಉತ್ತರ ಕೊಡಬೇಕಾಯಿತು. ಅಲೆನ್ ಕಟ್ಟಿದ ಬೆತೆಲ್ ಸಭೆ ಮುಂದೆ 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ತಾಯಿಯಾಯಿತು. ಇವರು ಸಭೆಯನ್ನು ಒಡೆದರು ಎನ್ನುವವರು ಇಂದಿಗೂ ಸಿಗುತ್ತಾರೆ. ಮೊಣಕಾಲೂರಿದವನು ಒಡೆದನೇ, ಎಳೆದವನು ಒಡೆದನೇ ಎಂದಷ್ಟೇ ನನ್ನ ಪ್ರಶ್ನೆ.

ಎರಡನೆಯ ಕಥೆ ಸದರ್ನ್ ಬ್ಯಾಪ್ಟಿಸ್ಟರದು. ಅಮೆರಿಕದ ಈ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡ 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಹುಟ್ಟಿದ್ದೇ, ಗುಲಾಮರ ಒಡೆಯರನ್ನು ಮಿಷನರಿಗಳಾಗಿ ಕಳುಹಿಸಬಹುದೇ ಎಂಬ ಜಗಳದಲ್ಲಿ. ಕಳುಹಿಸಬಹುದು ಎಂದವರು ಇವರು. ಸರಿಯಾಗಿ 150 ವರ್ಷಗಳ ಮೇಲೆ, 1995ರಲ್ಲಿ, ಅಟ್ಲಾಂಟಾದಲ್ಲಿ ಸೇರಿ ಕ್ಷಮೆ ಕೇಳಿದರು. ಆ ನಿರ್ಣಯದಲ್ಲಿ ವ್ಯಕ್ತಿಗತ ವರ್ಣಭೇದ ಮಾತ್ರವಲ್ಲ, ವ್ಯವಸ್ಥೆಯೊಳಗೇ ಹೊಕ್ಕ ವರ್ಣಭೇದ ಎಂಬ ಮಾತೂ ಇತ್ತು. 2012ರಲ್ಲಿ ನ್ಯೂ ಆರ್ಲಿಯನ್ಸಿನ ಫ್ರೆಡ್ ಲೂಟರ್ ಆ ಪಂಗಡದ ಮೊದಲ ಕಪ್ಪು ಅಧ್ಯಕ್ಷರಾದರು, ಅದೂ ಎದುರಾಳಿಯಿಲ್ಲದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2020ರ ನವೆಂಬರಿನಲ್ಲಿ, ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಬಿಳಿ ಪೊಲೀಸನ ಕೈಯಲ್ಲಿ ಸತ್ತು ಆರು ತಿಂಗಳಾಗಿರುವಾಗ, ಪಾದ್ರಿಗಳನ್ನು ತಯಾರು ಮಾಡುವ ಪಂಗಡದ ಆರೂ ಸೆಮಿನರಿಗಳ ಮುಖ್ಯಸ್ಥರು ಒಟ್ಟಾಗಿ ಹೇಳಿಕೆ ಹೊರಡಿಸಿ ವರ್ಣಭೇದವನ್ನು ಖಂಡಿಸುತ್ತಲೇ, ವರ್ಣಭೇದವನ್ನು ವ್ಯವಸ್ಥೆಯ ದೋಷವೆಂದು ವಿಶ್ಲೇಷಿಸುವ ‘ಕ್ರಿಟಿಕಲ್ ರೇಸ್ ಥಿಯರಿ’ ತಮ್ಮ ವಿಶ್ವಾಸದ ಪ್ರಮಾಣಕ್ಕೆ ಹೊಂದುವುದಿಲ್ಲವೆಂದರು. ಆರು ಮಂದಿಯೂ ಬಿಳಿಯರು. ಆ ಸಿದ್ಧಾಂತದ ಎಲ್ಲ ಮಾತನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ, ನನಗೂ ತಕರಾರುಗಳಿವೆ. ಕಪ್ಪು ಜನರ ನೋವನ್ನು ಯಾವ ಪರಿಭಾಷೆಯಲ್ಲಿ ವಿವರಿಸಬಹುದೆಂದು ತೀರ್ಮಾನಿಸಲು ಕುಳಿತ ಮೇಜಿನಲ್ಲಿ ಕಪ್ಪು ಮನುಷ್ಯ ಒಬ್ಬನೂ ಇರಲಿಲ್ಲವೆಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ. ಕೆಲವೇ ವಾರಗಳಲ್ಲಿ ಷಿಕಾಗೊ, ಹ್ಯೂಸ್ಟನ್‌ಗಳ ಪ್ರಮುಖ ಕಪ್ಪು ಪಾಸ್ಟರರು ಪಂಗಡ ಬಿಟ್ಟರು. ಆಗಲೂ ಬಿಟ್ಟವರ ಮೇಲೆಯೇ ಐಕ್ಯತೆ ಮುರಿದ ದೂರು. ಕ್ಷಮೆ ಕೇಳಿದ್ದಾಯಿತು, ಸೌಟು ಮಾತ್ರ ಕೈ ಬದಲಿಸಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡಿದರು. ನಾನೂ ನೋಡಿದೆ, ಇಬ್ಬರ ಗಡಿಯಾರಗಳಲ್ಲಿ ಐಕ್ಯತೆಯಿಲ್ಲ.

1963ರ ಏಪ್ರಿಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬರ್ಮಿಂಗ್‌ಹ್ಯಾಮಿನ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರ ಎಲ್ಲರಿಗೂ ಗೊತ್ತು. ಅದು ಯಾವ ಹೇಳಿಕೆಗೆ ಉತ್ತರವಾಗಿತ್ತೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ನೆನಪಿಲ್ಲ. ಎಂಟು ಮಂದಿ ಬಿಳಿ ಧರ್ಮಗುರುಗಳು ವರ್ಣಭೇದದ ವಿರುದ್ಧದ ಪ್ರತಿಭಟನೆ ನಿಲ್ಲಿಸಿ, ಕೋರ್ಟಿನಲ್ಲಿ ಬಗೆಹರಿಸಿಕೊಳ್ಳಿ ಎಂದು ಕಪ್ಪು ಜನರಿಗೆ ತಿಳಿಹೇಳಿದ ಆ ಹೇಳಿಕೆ ‘ಐಕ್ಯತೆಗಾಗಿ ಕರೆ’ ಎಂದೇ ಹೆಸರಾಗಿದೆ. ಅವರಲ್ಲಿ ಬ್ಯಾಪ್ಟಿಸ್ಟ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಪಾದ್ರಿಗಳಿದ್ದರು, ಯೆಹೂದಿ ರಬ್ಬಿಯೂ ಇದ್ದರು. ದುಷ್ಟರಲ್ಲ, ಅದೇ ವರ್ಷದ ಜನವರಿಯಲ್ಲಿ ವರ್ಣಭೇದವಾದಿಗಳ ಹಟವನ್ನು ಟೀಕಿಸಿದ್ದವರು. ಒಳ್ಳೆಯವರು ಎಂಬುದರಿಂದಲೇ ಅವರ ಮಾತು ಹೆಚ್ಚು ನೋಯಿಸಿತು.

ಹೆಸರಾಂತ ಇವಾಂಜೆಲಿಕಲ್ ಬೋಧಕ ಬಿಲ್ಲಿ ಗ್ರಹಾಂ 1953ರಲ್ಲಿ ಚಟನೂಗಾದ ತಮ್ಮ ಕೂಟದಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸಿದ್ದ ಹಗ್ಗವನ್ನು ತಾವೇ ಕಿತ್ತುಹಾಕಿದರು. ಅದೇ ವರ್ಷ ಡಲ್ಲಾಸ್‌ನಲ್ಲಿ ಮತ್ತೆ ಬೇರೆ ಬೇರೆ ಆಸನಗಳಿಗೆ ಒಪ್ಪಿಕೊಂಡರು. ಎರಡನ್ನೂ ಒಟ್ಟಿಗೆ ಹೇಳುವುದು ನ್ಯಾಯ. ಇದರ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ.

ಅಮೆರಿಕದ ಮಾತು ನಮಗೇಕೆ ಎಂದು ಕೇಳುವವರಿಗೆ ಒಂದೇ ಸಂಗತಿ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್, ತಾವೂ ಇವಾಂಜೆಲಿಕಲ್ ಆಗಿದ್ದವರು, ಸಭೆಗಳೊಳಗಿನ ಜಾತಿಭೇದ ಕೂಡಲೇ ನಿಲ್ಲಬೇಕೆಂದು ಪತ್ರ ಹೊರಡಿಸಿದಾಗ ತಂಜಾವೂರಿನ ಮೇಲ್ಜಾತಿಯ ವೆಳ್ಳಾಳ ಕ್ರೈಸ್ತರಲ್ಲಿ ಅನೇಕರು ಸಭೆಯನ್ನೇ ಬಿಟ್ಟು ಹೋದರು. ಅಸ್ಪೃಶ್ಯರೆಂದು ಕಾಣಲಾಗುತ್ತಿದ್ದ ಪರೈಯರ ಪಕ್ಕದಲ್ಲಿ ಕೂರುವುದು, ಅವರೊಂದಿಗೆ ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳುವುದು ಅವರಿಂದಾಗಲಿಲ್ಲ. ಸಭೆಯ ಆಡಳಿತ ನೋಡುವ ನಮ್ಮ ಪಾಸ್ಟರೇಟ್ ಕಮಿಟಿ ಚುನಾವಣೆಗಳಲ್ಲಿ ಯಾವ ಜಾತಿ ಲೆಕ್ಕ ನಡೆಯುತ್ತದೆಂದು ಗೊತ್ತಿಲ್ಲದವರು ಈ ಸಭಾಂಗಣದಲ್ಲಿದ್ದರೆ ಕೈಯೆತ್ತಬಹುದು. ಯಾರೂ ಎತ್ತಲಿಲ್ಲ.

ಕೊನೆಯದಾಗಿ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲರ ವಿಷಯ, ಎರಡೇ ನಿಮಿಷದಲ್ಲಿ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಗುಲಾಮರ ಮಗನಾದ ವಿಲಿಯಂ ಸೀಮೋರರ ನಾಯಕತ್ವದಲ್ಲಿ ಎಲ್ಲ ಬಣ್ಣದವರೂ ಒಟ್ಟಿಗೆ ಪ್ರಾರ್ಥಿಸಿದರು. ಅದೇ ಚಳವಳಿಯ ಬಿಳಿಯರು 1948ರಲ್ಲಿ ಬಿಳಿ ಸಂಘಟನೆಗಳದ್ದೇ ಒಕ್ಕೂಟ ಕಟ್ಟಿಕೊಂಡರು. 1994ರಲ್ಲಿ ಮೆಂಫಿಸ್‌ನಲ್ಲಿ ಆ ಒಕ್ಕೂಟವನ್ನು ವಿಸರ್ಜಿಸುವ ಹೊತ್ತಿನಲ್ಲಿ ಬಿಳಿ ಪಾಸ್ಟರೊಬ್ಬರು ಅಳುತ್ತ ಬಂದು ಕಪ್ಪು ಬಿಷಪ್ ಇತಿಯೆಲ್ ಕ್ಲೆಮನ್ಸರ ಪಾದ ತೊಳೆದರು. ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಕಣ್ಣೀರನ್ನು. ಹೊಸದಾಗಿ ಕಟ್ಟಿದ ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಕಪ್ಪು ಜನರೂ ಬಿಳಿಯರೂ ಸಮಸಮವಾಗಿ ಕುಳಿತರು, ಮೊದಲ ಅಧ್ಯಕ್ಷರಾಗಿ ಕ್ಲೆಮನ್ಸರೇ ಆಯ್ಕೆಯಾದರು ಎಂಬುದನ್ನು ನಾನು ಅದಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಂಡಿದ್ದೇನೆ.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ವಂದನೆಗಳು.