ಗೋಡೆಯೊಳಗೆ ಉಳಿದ ಡೈರಿ: ಹೆಲ್ಗಾ ವೈಸ್ ಕಂಡದ್ದು

[ಪರದೆ ಮೇಲೆ: ಮಕ್ಕಳ ಕೈಬರಹದಂಥ ಚಿತ್ರ. ಹಿಮದ ಗೊಂಬೆ, ಪಕ್ಕದಲ್ಲಿ ಇಬ್ಬರು ಮಕ್ಕಳು]

ಇಬ್ಬರು ಮಕ್ಕಳು ಸೇರಿ ಹಿಮದ ಗೊಂಬೆ ಮಾಡುತ್ತಿದ್ದಾರೆ. ಹಿಮ ಬೀಳುವ ಊರಲ್ಲಿ ಹುಟ್ಟಿದ ಯಾವ ಮಗು ಬೇಕಾದರೂ ಬರೆಯಬಹುದಾದ ಚಿತ್ರ, ಅಲ್ವಾ?

ಇದನ್ನು ಬರೆದ ಹುಡುಗಿಗೆ ಆಗ ಹನ್ನೆರಡು ವರ್ಷ. ಹೆಸರು ಹೆಲ್ಗಾ ವೈಸ್. 1941ರ ಡಿಸೆಂಬರ್‌ನಲ್ಲಿ ನಾಜಿಗಳು ಅವಳನ್ನು, ಅಪ್ಪ ಅಮ್ಮನನ್ನು ಪ್ರಾಗ್‌ನಿಂದ ಟೆರೆಜಿನ್ ಎಂಬ ಯಹೂದಿಗಳ ಸೆರೆಕ್ಯಾಂಪಿಗೆ ಕಳಿಸಿದ್ದರು. ಅಲ್ಲಿ ಗಂಡಸರ ಬ್ಯಾರಕ್ ಬೇರೆ, ಹೆಂಗಸರ ಬ್ಯಾರಕ್ ಬೇರೆ. ಅಪ್ಪನನ್ನು ನೋಡಲು ಆಗುತ್ತಿರಲಿಲ್ಲ. ಅಪ್ಪನಿಗೆ ಖುಷಿಯಾಗಲಿ ಅಂತ ಈ ಚಿತ್ರ ಬರೆದು, ಕಾವಲುಗಾರರ ಕಣ್ಣು ತಪ್ಪಿಸಿ ಕಳಿಸಿದಳು.

ಅಪ್ಪನಿಂದ ಒಂದು ಚೀಟಿ ಬಂತು. ಅದರಲ್ಲಿ ಚೆಕ್ ಭಾಷೆಯ ಮೂರೇ ಪದ. ಕನ್ನಡದಲ್ಲಿ ಹೇಳಿದರೆ: ನೀನು ಕಂಡದ್ದನ್ನು ಬರಿ.

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಅಪ್ಪ ಹೇಳಿದ್ದು ಚಿತ್ರದ ಬಗ್ಗೆ. ಮಗಳು ಎರಡನ್ನೂ ಬರೆದಳು.

[ಶೀರ್ಷಿಕೆ]

ನಮಸ್ಕಾರ. ಯಹೂದಿ ಮಗುವಿನ ಡೈರಿ ಅಂದರೆ ನಮಗೆಲ್ಲ ತಕ್ಷಣ ನೆನಪಾಗುವುದು ಆ್ಯನ್ ಫ್ರಾಂಕ್. ಆ್ಯನ್ ಹುಟ್ಟಿದ್ದು 1929ರ ಜೂನ್‌ನಲ್ಲಿ. ಹೆಲ್ಗಾ ಅದೇ ವರ್ಷದ ನವೆಂಬರ್ 10ರಂದು. ಇಬ್ಬರದೂ ಒಂದೇ ವಯಸ್ಸು ಅನ್ನಬಹುದು. ಆ್ಯನ್ ಬದುಕಿ ಬರಲಿಲ್ಲ. ಹೆಲ್ಗಾ ಬಂದಳು. ಹಾಗಾಗಿ ಆ್ಯನ್‌ಳ ಡೈರಿ ನಿಂತ ಜಾಗದಿಂದ ಮುಂದೆ ಏನಿತ್ತು ಅನ್ನುವುದು ಹೆಲ್ಗಾಳ ಡೈರಿಯಲ್ಲಿ ಸಿಗುತ್ತದೆ.

[ಪರದೆ ಮೇಲೆ: ಪ್ರಾಗ್‌ನ ಹಳೆಯ ಬೀದಿ, ಟ್ರಾಮ್]

ಪ್ರಾಗ್‌ನ ಲಿಬೆನ್ ಎಂಬ ಬಡಾವಣೆಯಲ್ಲಿ ಅವಳ ಮನೆ. ಅಪ್ಪ ಓಟೋ ಬ್ಯಾಂಕ್ ನೌಕರ. ಅಮ್ಮ ಇರೆನಾ ಬಟ್ಟೆ ಹೊಲಿಯುತ್ತಿದ್ದವರು. ಒಬ್ಬಳೇ ಮಗಳು. 1939ರ ಮಾರ್ಚ್ 15ರಂದು ಜರ್ಮನ್ ಸೈನ್ಯ ಪ್ರಾಗ್‌ಗೆ ನುಗ್ಗಿತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಯಿತು. ಅಪ್ಪನ ಕೆಲಸ ಹೋಯಿತು. ಯಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರಬಾರದು. ಪಾರ್ಕಿಗೆ ಹೋಗಬಾರದು. ರೇಡಿಯೋ ಇಟ್ಟುಕೊಳ್ಳಬಾರದು. ಟ್ರಾಮ್ ಹತ್ತಿದರೆ ಕೊನೆಯ ಡಬ್ಬಿ ಮಾತ್ರ. 1941ರ ಸೆಪ್ಟೆಂಬರ್‌ನಿಂದ ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಹೊರಗೆ ಕಾಲಿಡಬೇಕು. ಡೈರಿಯ ಮೊದಲ ಭಾಗದಲ್ಲಿ ಇದನ್ನೆಲ್ಲ ಒಂದು ಮಗು ಹೇಗೆ ಅರ್ಥ ಮಾಡಿಕೊಳ್ಳುತ್ತದೋ ಹಾಗೇ ಬರೆದಿದ್ದಾಳೆ. ದೊಡ್ಡವರು ಪಿಸುಗುಟ್ಟುತ್ತಾರೆ. ಏನೋ ಆಗುತ್ತಿದೆ. ಯಾರೂ ಸರಿಯಾಗಿ ಹೇಳುವುದಿಲ್ಲ.

ಡಿಸೆಂಬರ್‌ನಲ್ಲಿ ಅವರ ಸರದಿ ಬಂತು. ತಲೆಗೆ 50 ಕಿಲೋ ಸಾಮಾನು ತರಬಹುದು ಅನ್ನುವುದು ನಿಯಮ. ಇಡೀ ಸಂಸಾರದಲ್ಲಿ 50 ಕಿಲೋಗೆ ಏನು ಬರುತ್ತದೆ, ಏನು ಬಿಟ್ಟು ಹೋಗುತ್ತದೆ ಅಂತ ಒಮ್ಮೆ ಸುಮ್ನೆ ನಿಮ್ಮ ಮನೆಯನ್ನೇ ಸುತ್ತ ನೋಡಿ. ಹೆಲ್ಗಾ ತನ್ನ ಗಂಟಿನಲ್ಲಿ ಬಣ್ಣ, ಚಿತ್ರದ ಹಾಳೆಗಳನ್ನೂ ಇಟ್ಟುಕೊಂಡಳು.

[ಪರದೆ ಮೇಲೆ: ಭೂಪಟದಲ್ಲಿ ಪ್ರಾಗ್, ಅದರ ಉತ್ತರಕ್ಕೆ ಟೆರೆಜಿನ್]

ಟೆರೆಜಿನ್ ಪ್ರಾಗ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಹದಿನೆಂಟನೇ ಶತಮಾನದ ಕೋಟೆ ಊರು. ಯುದ್ಧಕ್ಕೆ ಮೊದಲು ಸೈನಿಕರು, ಊರ ಜನ ಎಲ್ಲ ಸೇರಿ ಸುಮಾರು 7,000 ಮಂದಿ ಇದ್ದ ಜಾಗ. 1942ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ 58,000ದಷ್ಟು ಜನರನ್ನು ತುಂಬಿದ್ದರು.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಬೇಕು. ಟೆರೆಜಿನ್‌ನಲ್ಲಿ ವಿಷಗಾಳಿ ಬಿಟ್ಟು ಕೊಲ್ಲುವ ಗ್ಯಾಸ್ ಚೇಂಬರ್ ನಡೆಯುತ್ತಿರಲಿಲ್ಲ. ಆದರೂ ಹಸಿವು, ರೋಗದಿಂದ ಅಲ್ಲೇ ಸುಮಾರು 33,000 ಜನ ಸತ್ತರು. ಅದಕ್ಕಿಂತ ಭಯಂಕರವಾದದ್ದು ರೈಲು. ಟೆರೆಜಿನ್ ಒಂದು ತಂಗುದಾಣ. ಅಲ್ಲಿಂದ ಪೂರ್ವಕ್ಕೆ ರೈಲು ಹೊರಡುತ್ತಿದ್ದವು. ಅವು ಎಲ್ಲಿಗೆ ಹೋಗುತ್ತವೆ ಅಂತ ಹತ್ತುವವರಿಗೆ ಗೊತ್ತಿರಲಿಲ್ಲ. ಒಟ್ಟು 1,40,000ದಷ್ಟು ಜನ ಈ ಊರಿಗೆ ಬಂದರು. ಅದರಲ್ಲಿ 87,000ಕ್ಕೂ ಜಾಸ್ತಿ ಜನರನ್ನು ಮುಂದಕ್ಕೆ ಕಳಿಸಿದರು. ಅವರಲ್ಲಿ ತೀರಾ ಕೆಲವರು ಮಾತ್ರ ಬದುಕಿದರು.

ಹೆಲ್ಗಾಳನ್ನು ಮುಂದೆ ಹುಡುಗಿಯರಿಗಾಗಿ ಇದ್ದ ಮನೆಗೆ ಹಾಕಿದರು. ಮೂರು ಅಂತಸ್ತಿನ ಅಟ್ಟಣೆ ಮಂಚಗಳು. ಕದ್ದು ಪಾಠ. ಕದ್ದು ಹಾಡು. ಅದೇ ಮನೆಯಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಅವರ ಶಿಷ್ಯರು ಬರೆದದ್ದು ಹೆಚ್ಚಾಗಿ ಹೂವು, ಚಿಟ್ಟೆ, ಬಿಟ್ಟುಬಂದ ಮನೆ. ಮಕ್ಕಳ ಮನಸ್ಸು ಒಂದು ಗಳಿಗೆ ಆ ಗೋಡೆ ದಾಟಲಿ ಅನ್ನುವುದು ಆ ಟೀಚರ್ ಆಸೆ. ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸ್‌ಗಳಲ್ಲಿ ಉಳಿದುಕೊಂಡವು. ಟೀಚರ್ ಉಳಿಯಲಿಲ್ಲ. 1944ರ ಅಕ್ಟೋಬರ್‌ನಲ್ಲಿ ನಾಜಿಗಳ ಕೊಲೆ ಕ್ಯಾಂಪ್ ಆದ ಆಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು.

ಹೆಲ್ಗಾಳ ದಾರಿ ಬೇರೆ. ಅಪ್ಪ ಹೇಳಿದ್ದು ಕಂಡದ್ದನ್ನು ಬರಿ ಅಂತ. ಅವಳು ಚಿಟ್ಟೆ ಬರೆಯಲಿಲ್ಲ.

[ಪರದೆ ಮೇಲೆ: ಒಂದರ ನಂತರ ಒಂದು ಚಿತ್ರ, ನಿಧಾನವಾಗಿ]

ಊಟಕ್ಕೆ ಪಾತ್ರೆ ಹಿಡಿದು ನಿಂತ ಸಾಲು. ತಿಗಣೆ ಕಾಟ ತಡೆಯಲಾರದೆ ಹಾಸಿಗೆ ಹೊತ್ತು ಅಂಗಳಕ್ಕೆ ಬಂದವರು. ಹೆಣ ಸಾಗಿಸುವ ಗಾಡಿಯಲ್ಲಿ ಬ್ರೆಡ್ ತರುವ ದೃಶ್ಯ. ಹೌದು, ಅದೇ ಗಾಡಿ. ಟೆರೆಜಿನ್‌ನಲ್ಲಿ ಬ್ರೆಡ್ ಬರುತ್ತಿದ್ದದ್ದು ಅದರಲ್ಲೇ. ಕುದುರೆಗಳ ಬದಲು ಮನುಷ್ಯರೇ ಅದನ್ನು ಎಳೆಯುತ್ತಿದ್ದರು. ಮಕ್ಕಳಿಗೆ ಅದು ದಿನಾ ಕಾಣುವ ಸಾಮಾನ್ಯ ಗಾಡಿ ಆಗಿಹೋಗಿತ್ತು. ನನ್ನನ್ನು ಜಾಸ್ತಿ ಕಾಡುವುದು ಇದೇ.

ಇನ್ನೊಂದು ಚಿತ್ರ. 1943ರ ಆಗಸ್ಟ್‌ನಲ್ಲಿ ಪೋಲೆಂಡ್‌ನ ಬಿಯಾವಿಸ್ಟಾಕ್‌ನಿಂದ 1,000ಕ್ಕೂ ಹೆಚ್ಚು ಮಕ್ಕಳನ್ನು ಟೆರೆಜಿನ್‌ಗೆ ತಂದರು. ಹರಕು ಬಟ್ಟೆ, ಕಡ್ಡಿಯಂಥ ಕಾಲು. ಅವರನ್ನು ಸ್ನಾನಕ್ಕೆ ಕರೆದೊಯ್ದಾಗ ಕೂಗಾಡಿ ಅತ್ತರು. ಗ್ಯಾಸ್, ಗ್ಯಾಸ್ ಅಂತ ಕಿರುಚಿದರು. ಸ್ನಾನ ಅಂತ ಹೇಳಿ ವಿಷಗಾಳಿಯಲ್ಲಿ ಕೊಲ್ಲುತ್ತಾರೆ ಅಂತ ಆ ಮಕ್ಕಳ ಕಿವಿಗೆ ಬಿದ್ದಿದ್ದ ಸುದ್ದಿ ಟೆರೆಜಿನ್‌ನಲ್ಲಿ ಇದ್ದ ಹೆಚ್ಚಿನವರಿಗೆ ಇನ್ನೂ ತಲುಪಿರಲಿಲ್ಲ. ಇವರ್‍ಯಾಕೆ ನೀರು ಕಂಡರೆ ಹೆದರುತ್ತಾರೆ ಅಂತ ಯಾರಿಗೂ ಅರ್ಥವಾಗಲಿಲ್ಲ. ಸಾಲಾಗಿ ನಡೆದುಹೋಗುತ್ತಿದ್ದ ಆ ಮಕ್ಕಳನ್ನು ಹೆಲ್ಗಾ ಬರೆದಿಟ್ಟಳು. ಅಕ್ಟೋಬರ್‌ನಲ್ಲಿ ಅವರನ್ನೂ ಆಶ್ವಿಟ್ಜ್‌ಗೆ ಕಳಿಸಿ ಕೊಂದರು.

ಅದೇ ವರ್ಷ ನವೆಂಬರ್ 11. ಹೆಲ್ಗಾಳ ಹದಿನಾಲ್ಕನೇ ಹುಟ್ಟುಹಬ್ಬದ ಮಾರನೇ ದಿನ. ತಲೆ ಎಣಿಕೆ ಮಾಡಬೇಕು ಅಂತ 30,000ಕ್ಕೂ ಜಾಸ್ತಿ ಜನರನ್ನು ಊರಾಚೆಯ ಬಯಲಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಲ್ಲಿಸಿದರು. ಮುದುಕರು, ಕೂಸುಗಳು, ಎಲ್ಲರೂ. ಸಂಜೆ ಕತ್ತಲಾದ ಮೇಲೂ ವಾಪಸ್ ಹೋಗಿ ಅನ್ನುವವರಿಲ್ಲ.

ಇನ್ನು 1944ರ ಜೂನ್ 23. ಈ ದಿನದ ಕಥೆ ಎಷ್ಟು ಹೇಳಿದರೂ ಸಾಲದು. ರೆಡ್ ಕ್ರಾಸ್‌ನವರು ಟೆರೆಜಿನ್ ನೋಡಲು ಬರುತ್ತಾರೆ ಅಂತ ತಿಂಗಳುಗಟ್ಟಲೆ ತಯಾರಿ ನಡೆಯಿತು. ಮನೆಗಳಿಗೆ ಬಣ್ಣ. ಚೌಕದಲ್ಲಿ ಹುಲ್ಲುಹಾಸು, ಗುಲಾಬಿ ಗಿಡ. ಬ್ಯಾಂಡ್ ಬಾರಿಸಲು ಮಂಟಪ. ಮಕ್ಕಳಿಗೆ ಆಟದ ಜಾಗ. ಶಾಲೆ ಅಂತ ಒಂದು ಬೋರ್ಡು, ರಜೆ ಇದೆ ಅಂತ ಇನ್ನೊಂದು. ಊರು ತುಂಬಿ ತುಳುಕಿದಂತೆ ಕಾಣಬಾರದಲ್ಲ, ಅದಕ್ಕೆ ಮೇ ತಿಂಗಳಲ್ಲೇ ಸುಮಾರು 7,500 ಜನರನ್ನು ಆಶ್ವಿಟ್ಜ್ ರೈಲು ಹತ್ತಿಸಿದ್ದರು. ಬಂದವರು ಕೆಲವೇ ಗಂಟೆ ಇದ್ದರು. ತೋರಿಸಿದ್ದನ್ನು ನೋಡಿದರು, ಹೋದರು.

ದೊಡ್ಡವರು ತೋರಿಸಿದ್ದನ್ನು ನೋಡಿದರು. ಹದಿನಾಲ್ಕರ ಹುಡುಗಿ ಕಂಡದ್ದನ್ನು ಬರೆದಳು. ಆ ಭೇಟಿಯ ಚಿತ್ರವೂ ಅವಳದ್ದಿದೆ.

ಹೀಗೆ ಬರೆಯುವುದು ಆಟವಾಗಿರಲಿಲ್ಲ. ಬೆಡ್ರಿಖ್ ಫ್ರಿಟ್ಟಾ, ಲಿಯೋ ಹಾಸ್ ಮುಂತಾದ ಕಲಾವಿದರು ಟೆರೆಜಿನ್‌ನ ನಿಜ ಸ್ಥಿತಿಯನ್ನು ಗುಟ್ಟಾಗಿ ಚಿತ್ರಿಸುತ್ತಿದ್ದರು. ಆ ವರ್ಷದ ಜುಲೈನಲ್ಲಿ ಸಿಕ್ಕಿಬಿದ್ದರು. ನಾಜಿಗಳು ಅವರನ್ನು ಹೊಡೆದರು, ಜೈಲಿಗೆ ಹಾಕಿದರು. ಫ್ರಿಟ್ಟಾ ಆಶ್ವಿಟ್ಜ್‌ನಲ್ಲಿ ಸತ್ತರು.

ಹೆಲ್ಗಾಳ ಅಪ್ಪನೂ ಬರೆಯುತ್ತಿದ್ದರು. ದೇವರೇ ಭೂಮಿಗೆ ಇಳಿದು ಟೆರೆಜಿನ್ ನೋಡಲು ಬರುವ ಕಥೆಯೊಂದನ್ನು ಅಲ್ಲೇ ಬರೆದರು. ಮಗಳು ಅದಕ್ಕೆ ಚಿತ್ರ ಹಾಕಿದಳು. ಅಪ್ಪ ಮಗಳು ಸೇರಿ ಮಾಡಿದ ಆ ಪುಸ್ತಕ ಅಮ್ಮನಿಗೆ ಉಡುಗೊರೆ.

[ಪರದೆ ಮೇಲೆ: ಇಟ್ಟಿಗೆ ಗೋಡೆ]

1944ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ, ಒಂದೇ ತಿಂಗಳಲ್ಲಿ, ಹನ್ನೊಂದು ರೈಲುಗಳಲ್ಲಿ 18,000ಕ್ಕೂ ಹೆಚ್ಚು ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಮೊದಲು ಅಪ್ಪನನ್ನು ಕರೆದರು. ಮೂರು ದಿನ ಬಿಟ್ಟು, ಅಕ್ಟೋಬರ್ 4ರಂದು, ತಾಯಿ ಮಗಳನ್ನು. ಅಪ್ಪ ಹೋದ ಕಡೆಗೇ ಹೋಗುತ್ತೇವೆ, ಅಲ್ಲಿ ಸಿಗುತ್ತಾರೆ ಅನ್ನುವ ಆಸೆ ಇತ್ತು.

ಹೊರಡುವ ಮೊದಲು ಡೈರಿಯನ್ನೂ ಚಿತ್ರಗಳನ್ನೂ ಹೆಲ್ಗಾ ತನ್ನ ಬಂಧು ಯೋಸೆಫ್ ಪೊಲಾಕ್ ಕೈಗೆ ಕೊಟ್ಟಳು. ಅವರು ಟೆರೆಜಿನ್‌ನ ದಾಖಲೆ ವಿಭಾಗದಲ್ಲಿ ಕೆಲಸಕ್ಕಿದ್ದವರು. ಮಾಗ್ಡೆಬರ್ಗ್ ಬ್ಯಾರಕ್‌ನ ಒಂದು ಗೋಡೆಯಲ್ಲಿ ಅವನ್ನು ಇಟ್ಟು ಇಟ್ಟಿಗೆ ಮುಚ್ಚಿಬಿಟ್ಟರು. ಯುದ್ಧ ಮುಗಿದ ಮೇಲೆ ಅವರೇ ತೆಗೆದು ತಂದುಕೊಟ್ಟರು. ಎಷ್ಟು ಸಂಗತಿ ಒಟ್ಟಿಗೆ ಕೂಡಿಬರಬೇಕಾಯಿತು ನೋಡಿ. ಆ ಬಂಧು ಬದುಕಬೇಕು. ಗೋಡೆ ಉಳಿಯಬೇಕು. ಹುಡುಗಿ ಹಿಂದಿರುಗಬೇಕು. ಇನ್ನೆಷ್ಟು ಮಕ್ಕಳ ನೋಟ್‌ಬುಕ್‌ಗಳು ಹೀಗೆ ಕೂಡಿಬರದೆ ಬೂದಿಯಾದವೋ.

ಆಶ್ವಿಟ್ಜ್‌ನಲ್ಲಿ ರೈಲು ಇಳಿದ ತಕ್ಷಣ ಎರಡು ಸಾಲು. ಒಂದು ಕೆಲಸಕ್ಕೆ, ಇನ್ನೊಂದು ನೇರ ಗ್ಯಾಸ್ ಚೇಂಬರ್‌ಗೆ. ಮಕ್ಕಳು, ಮಕ್ಕಳನ್ನು ಹಿಡಿದ ತಾಯಂದಿರು ಎರಡನೇ ಸಾಲಿಗೆ. ಹೆಲ್ಗಾಗೆ ಇನ್ನೂ ಹದಿನೈದು ತುಂಬಿರಲಿಲ್ಲ. ವಯಸ್ಸು ಜಾಸ್ತಿ ಹೇಳಿದಳು. ಅಮ್ಮನ ವಯಸ್ಸು ಕಡಿಮೆ ಹೇಳಿದಳು. ಇಬ್ಬರೂ ಒಂದೇ ಕಡೆಗೆ ಬಿದ್ದರು. ಅದೇ ದಿನಗಳಲ್ಲಿ ಆ್ಯನ್ ಫ್ರಾಂಕ್ ಕೂಡ ಆ ಕ್ಯಾಂಪಿನಲ್ಲೇ ಇದ್ದಳು.

ಅಲ್ಲಿ ಹತ್ತು ದಿನ. ಆಮೇಲೆ ಜರ್ಮನಿಯ ಫ್ರೈಬರ್ಗ್‌ನಲ್ಲಿ ವಿಮಾನ ಕಾರ್ಖಾನೆಯ ಜೀತ. 1945ರ ಏಪ್ರಿಲ್‌ನಲ್ಲಿ ತೆರೆದ ಕಲ್ಲಿದ್ದಲು ವ್ಯಾಗನ್‌ಗಳಲ್ಲಿ ಹದಿನಾರು ದಿನ, ಊಟ ನೀರು ಸರಿಯಾಗಿ ಇಲ್ಲದೆ. ಕೊನೆಗೆ ಆಸ್ಟ್ರಿಯಾದ ಮೌಥೌಸೆನ್ ಕ್ಯಾಂಪ್. ಮೇ 5ರಂದು ಅಮೆರಿಕದ ಸೈನ್ಯ ಬಂತು.

ಈಗ ನೀವು ಕೇಳಬಹುದು: ಆಶ್ವಿಟ್ಜ್‌ನಲ್ಲಿ ಅವಳಿಗೆ ಪೆನ್ಸಿಲ್ ಎಲ್ಲಿತ್ತು?

ಇರಲಿಲ್ಲ. ಡೈರಿಯ ಈ ಕೊನೆಯ ಭಾಗವನ್ನು ಅವಳು ಬರೆದದ್ದು ಪ್ರಾಗ್‌ಗೆ ಬಂದ ಮೇಲೆ, ಹದಿನೈದು ಹದಿನಾರರ ವಯಸ್ಸಿನಲ್ಲಿ. ಆದರೂ ಈಗ ನಡೆಯುತ್ತಿದೆ ಅನ್ನುವ ಹಾಗೆ, ವರ್ತಮಾನದಲ್ಲಿ ಬರೆದಿದ್ದಾಳೆ. ಇದನ್ನು ಮುಚ್ಚಿಡಬಾರದು ಅಂತಲೇ ನಾನು ಹೇಳುತ್ತಿದ್ದೇನೆ. ಹಾಲೋಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆ, ನಡೆಯಲೇ ಇಲ್ಲ ಅನ್ನುವವರು ಇಂಥ ಒಂದು ಎಳೆ ಹಿಡಿದುಕೊಂಡು ಇಡೀ ಡೈರಿಯೇ ಸುಳ್ಳು ಅನ್ನುತ್ತಾರೆ. ಯಾವ ಭಾಗ ಯಾವಾಗ ಬರೆದದ್ದು ಅಂತ ತಿಳಿದುಕೊಂಡು ಓದಿದವರನ್ನು ಅವರು ಅಲುಗಾಡಿಸಲು ಆಗುವುದಿಲ್ಲ. ರೈಲುಗಳ ಪಟ್ಟಿ ಇದೆ. ತಾರೀಕು ಇದೆ. ಹೆಸರುಗಳಿವೆ. ಗೋಡೆಯಿಂದ ಬಂದ ಚಿತ್ರಗಳಿವೆ. ನನಗಂತೂ ಆ ಕೊನೆಯ ಭಾಗವೇ ಹೆಚ್ಚು ನಿಜ ಅನ್ನಿಸುತ್ತದೆ. ಮನೆಗೆ ಬಂದ ಹುಡುಗಿಗೆ ಅದು ಇನ್ನೂ ಮುಗಿದಿರಲಿಲ್ಲ. ಅದಕ್ಕೇ ಅವಳ ವಾಕ್ಯಗಳು ಭೂತಕಾಲಕ್ಕೆ ಹೋಗಲಿಲ್ಲ.

[ಪರದೆ ಮೇಲೆ: ಮಹಡಿ ಮನೆಯ ಕಿಟಕಿ]

ತಾಯಿ ಮಗಳು ಇಬ್ಬರೇ ಬಂದರು. ಅಪ್ಪ ಬರಲಿಲ್ಲ. ಲಿಬೆನ್‌ನಲ್ಲಿ ತಾನು ಬೆಳೆದ ಅದೇ ಮನೆಯಲ್ಲಿ ಹೆಲ್ಗಾ ಮತ್ತೆ ಬದುಕು ಶುರು ಮಾಡಿದರು. ಕಲಾ ಶಾಲೆಗೆ ಸೇರಿ ಚಿತ್ರಕಲಾವಿದೆಯಾದರು. ಸಂಗೀತಗಾರನನ್ನು ಮದುವೆಯಾದರು. ಡೈರಿ ಮಾತ್ರ ದಶಕಗಳ ಕಾಲ ಮನೆಯಲ್ಲೇ ಉಳಿಯಿತು. ಪುಸ್ತಕವಾಗಿ ಬಂದದ್ದು 2012ರಲ್ಲಿ. ಆಗ ಅವರಿಗೆ ಎಂಬತ್ತು ದಾಟಿತ್ತು.

ಕೊನೆಯದಾಗಿ ಒಂದು ಚಿತ್ರ ತೋರಿಸಬೇಕು.

[ಪರದೆ ಮೇಲೆ: ಮೂರು ಭಾಗಗಳಿರುವ ಚಿತ್ರ]

1943ರಲ್ಲಿ ಗೆಳತಿಯ ಹದಿನಾಲ್ಕನೇ ಹುಟ್ಟುಹಬ್ಬಕ್ಕೆ ಹೆಲ್ಗಾ ಬರೆದುಕೊಟ್ಟದ್ದು ಇದು. ಇಬ್ಬರೂ ಹುಟ್ಟಿದ್ದು ಒಂದೇ ಆಸ್ಪತ್ರೆಯಲ್ಲಿ. ಟೆರೆಜಿನ್‌ನಲ್ಲಿ ಇದ್ದದ್ದು ಒಂದೇ ಕೋಣೆಯಲ್ಲಿ. ಮೊದಲ ಭಾಗ 1929, ಹೆರಿಗೆ ವಾರ್ಡಿನ ಕೂಸುಗಳು. ಎರಡನೇ ಭಾಗ 1943, ಅಟ್ಟಣೆ ಮಂಚದ ಮೇಲೆ ಇಬ್ಬರು ಹುಡುಗಿಯರು. ಮೂರನೆಯದು 1957, ಇನ್ನೂ ಹದಿನಾಲ್ಕು ವರ್ಷ ಮುಂದಕ್ಕೆ. ಪ್ರಾಗ್‌ನಲ್ಲಿ ಇಬ್ಬರು ಯುವ ತಾಯಂದಿರು ತಮ್ಮ ತಮ್ಮ ಮಕ್ಕಳ ತಳ್ಳುಗಾಡಿ ತಳ್ಳುತ್ತಾ ನಡೆಯುತ್ತಿದ್ದಾರೆ.

ಅಪ್ಪನ ಮಾತು ಮೀರಿ, ಕಾಣದೇ ಇದ್ದದ್ದನ್ನು ಅವಳು ಬರೆದದ್ದು ಇಲ್ಲಿ.

ಆ ಗೆಳತಿ ಹದಿನೈದು ತುಂಬುವ ಮೊದಲೇ ಆಶ್ವಿಟ್ಜ್‌ನಲ್ಲಿ ತೀರಿಕೊಂಡಳು. ಹೆಲ್ಗಾಗೆ ಮಕ್ಕಳಾದವು. ಪ್ರಾಗ್‌ನ ಬೀದಿಯಲ್ಲಿ ಒಂದು ಗಾಡಿ ಮಾತ್ರ ಹೋಯಿತು.

[ಚಿತ್ರದ ಮೂರನೇ ಭಾಗದ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಸದ್ದಿಲ್ಲ.]