ಮುಳ್ಳೇರಿಯದ ಮೇಜಿಗೆ ತೀರ್ಮಾನ ತಲುಪುವ ಹೊತ್ತು

ನಮಸ್ಕಾರ. ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಸಂಸ್ಥೆಗಾಗಿ ದುಡಿಯುವವರ ನಡುವಿನ ಮಾತುಕತೆ ಹೇಗೆ ಸುಧಾರಿಸಬಹುದು ಎಂಬುದರ ಬಗ್ಗೆ ಇಂದು ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಕಾಸರಗೋಡಿನವರಿಗೆ ಇದು ದಿನನಿತ್ಯದ ವಿಷಯ. ಮನೆ ಕುಂಬಳೆಯಲ್ಲಿ, ಕಚೇರಿ ಮಂಗಳೂರಿನಲ್ಲಿ, ಲೆಕ್ಕಪತ್ರ ವಿಭಾಗ ಎರ್ನಾಕುಳದಲ್ಲಿ, ಮೇಲಧಿಕಾರಿ ದುಬೈಯಲ್ಲಿ ಎಂಬಂಥ ಬದುಕು ನಮ್ಮಲ್ಲಿ ಎಷ್ಟೋ ಮಂದಿಗೆ ಉಂಟು.

ಕೆಲವು ವರ್ಷಗಳ ಹಿಂದೆ ನಾನು ಅಡಿಕೆ ಮತ್ತು ಕರಿಮೆಣಸಿನ ವ್ಯಾಪಾರ ಮಾಡುವ ಒಂದು ಸಂಸ್ಥೆಯಲ್ಲಿದ್ದೆ. ಅದರ ಪ್ರಧಾನ ಕಚೇರಿ ಮಂಗಳೂರಿನಲ್ಲಿತ್ತು, ನಮ್ಮ ಖರೀದಿ ಕೇಂದ್ರ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿತ್ತು. ಒಂದು ಶನಿವಾರ ಸಂಜೆ ಪ್ರಧಾನ ಕಚೇರಿಯಲ್ಲಿ ಚಹಾ ಕುಡಿಯುತ್ತಾ ನಾಲ್ಕು ಮಂದಿ ಮಾತಾಡಿಕೊಂಡರು. ಗೋದಾಮಿನಲ್ಲಿ ಜಾಗವಿಲ್ಲದ ಕಾರಣ ಸೋಮವಾರದಿಂದ ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಖರೀದಿಸುವುದು ಬೇಡ, ಒಣಗಿಸಿ ಸುಲಿದ ಒಳ್ಳೆಯ ಅಡಿಕೆಯಾದ ಚಾಲಿ ಮಾತ್ರ ಸಾಕು ಎಂದು ಅಲ್ಲಿಯೇ ನಿಶ್ಚಯವಾಯಿತು. ಆ ನಾಲ್ವರಿಗೆ ವಿಷಯ ಅಷ್ಟು ಸ್ಪಷ್ಟವಾಗಿತ್ತೆಂದರೆ, ಅದನ್ನು ಇನ್ನೊಬ್ಬರಿಗೆ ತಿಳಿಸಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಸೋಮವಾರ ಬೆಳಿಗ್ಗೆ ಕೃಷಿಕರು ಜೀಪು ಬಾಡಿಗೆಗೆ ಹಿಡಿದು ಚೀಲಗಳನ್ನು ತಂದಿಳಿಸಿದರು. ನಾವು ತೂಗಿ, ಚೀಟಿ ಬರೆದು, ಅರ್ಧ ದಿನದ ಬಳಿಕ ಬಂದ ಒಂದು ಫೋನಿನಿಂದಾಗಿ ಅದೇ ಚೀಲಗಳನ್ನು ಹಿಂದೆ ಕಳುಹಿಸಬೇಕಾಯಿತು. ಗುರುತು ಪರಿಚಯವಿರುವ ಹಿರಿಯ ಕೃಷಿಕರೊಬ್ಬರ ಮುಂದೆ ತಲೆ ತಗ್ಗಿಸಿ ನಿಂತ ಆ ಗಳಿಗೆಯನ್ನು ನಾನು ಮರೆತಿಲ್ಲ.

ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಬಚ್ಚಿಡಲಿಲ್ಲ. ಹತ್ತಿರ ಇರುವವರಿಗೆ ಸುದ್ದಿ ತಾನಾಗಿಯೇ ಸಿಗುತ್ತದೆ, ದೂರ ಇರುವವರಿಗೆ ಯಾರಾದರೂ ಕೊಟ್ಟರೆ ಮಾತ್ರ ಸಿಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮಸ್ ಅಲೆನ್ ಅವರು 1970ರ ದಶಕದಲ್ಲಿ ಎಂಜಿನಿಯರುಗಳ ನಡುವಿನ ಮಾತುಕತೆಯನ್ನು ಅಳೆದಾಗ, ಇಬ್ಬರ ಮೇಜುಗಳ ನಡುವಿನ ಅಂತರ ಹೆಚ್ಚಿದಂತೆ ಮಾತು ತೀವ್ರವಾಗಿ ಕುಗ್ಗುವುದನ್ನೂ ಸುಮಾರು 50 ಮೀಟರ್ ದಾಟಿದ ಮೇಲೆ ಅದು ಬಹಳ ವಿರಳವಾಗುವುದನ್ನೂ ಕಂಡರು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್; ನಡುವೆ ಕರ್ನಾಟಕ, ಕೇರಳಗಳನ್ನು ಬೇರ್ಪಡಿಸುವ ತಲಪಾಡಿಯ ಗಡಿ ಬೇರೆ.

ಇಂಥ ತಪ್ಪು ನಡೆದಾಗಲೆಲ್ಲ ಆಡಳಿತದವರು ಕೊಡುವ ಪರಿಹಾರ ಇನ್ನೊಂದು ವಿಡಿಯೋ ಸಭೆ. ನಾನು ಇದನ್ನು ಒಪ್ಪುವುದಿಲ್ಲ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಬಿದ್ದಾಗ ಬದಿಯಡ್ಕ, ಪೆರ್ಲದ ಕಡೆಯವರು ಸಭೆಯಿಂದ ಮೊದಲು ಕಳಚಿಕೊಳ್ಳುತ್ತಾರೆ, ಮತ್ತು ಅವರು ಕಳಚಿಕೊಂಡದ್ದು ಉಳಿದವರಿಗೆ ಗೊತ್ತೇ ಆಗುವುದಿಲ್ಲ. ಗಲ್ಫಿನೊಂದಿಗೆ ಕೆಲಸ ಮಾಡುವವರ ಕಷ್ಟ ಇನ್ನೊಂದು ಬಗೆಯದು. ದುಬೈಯಲ್ಲಿ ಒಂಬತ್ತು ಗಂಟೆಯಾದಾಗ ಇಲ್ಲಿ ಹತ್ತೂವರೆ, ರಿಯಾದಿನಲ್ಲಿ ಒಂಬತ್ತಾದಾಗ ಇಲ್ಲಿ ಹನ್ನೊಂದೂವರೆ. ಸೌದಿಯಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರವಾದುದರಿಂದ, ಭಾನುವಾರ ರಜೆಯಿರುವ ನಮಗೂ ಅವರಿಗೂ ಒಟ್ಟಿಗೆ ಸಿಗುವುದು ವಾರದಲ್ಲಿ ನಾಲ್ಕೇ ದಿನ. ಇಂಥಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಕುಳಿತು ಮಾತಾಡಬೇಕೆಂಬ ಹಟಕ್ಕಿಂತ, ಬರೆದಿಟ್ಟದ್ದನ್ನು ಅವರವರ ಹೊತ್ತಿಗೆ ಓದಿ ಉತ್ತರಿಸುವ ಅಭ್ಯಾಸವೇ ಮೇಲು.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದ ದಿನಗಳು ನಮ್ಮ ಊರಿಗೆ ಬಹಳ ನೋವು ಕೊಟ್ಟವು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ತಿಳಿದಿದೆ. ಆ ಸಂಕಟದ ನಡುವೆಯೂ ಕೆಲಸದ ವಿಷಯದಲ್ಲಿ ನಾನೊಂದು ಬದಲಾವಣೆಯನ್ನು ಗಮನಿಸಿದೆ. ಎಲ್ಲರೂ ಅವರವರ ಮನೆಯಲ್ಲಿ ಇದ್ದುದರಿಂದ ಯಾರೂ ಯಾರಿಗೂ ಹತ್ತಿರವಿರಲಿಲ್ಲ. ಪ್ರತಿಯೊಂದು ತೀರ್ಮಾನವೂ ಬರಹದಲ್ಲಿ ಬಂತು, ಮುಳ್ಳೇರಿಯಕ್ಕೂ ಮಂಗಳೂರಿಗೂ ಒಂದೇ ಗಳಿಗೆಯಲ್ಲಿ ತಲುಪಿತು. ಕಚೇರಿ ತೆರೆದು ಆರು ತಿಂಗಳಾಗುವಷ್ಟರಲ್ಲಿ ಆ ಅಭ್ಯಾಸ ಹೋಯಿತು.

ಇನ್ನು ಭಾಷೆ. ಈ ವಿಷಯದಲ್ಲಿ ಗಡಿನಾಡಿನವರಾದ ನಾವು ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಸುವ ಊರು ನಮ್ಮದು. ಪೂರ್ತಿ ಗೊತ್ತಿಲ್ಲದ ಭಾಷೆಗಿಂತ ಅರ್ಧ ಗೊತ್ತಿರುವ ಭಾಷೆ ಹೆಚ್ಚು ತೊಡಕು ತರುತ್ತದೆ. ಎರ್ನಾಕುಳದ ಸಹೋದ್ಯೋಗಿ ಒಮ್ಮೆ ‘ನಲ್ಲ ಅವಸರಮಾಣ್’ ಎಂದು ಸಂದೇಶ ಕಳುಹಿಸಿದ್ದರು. ಮಲಯಾಳದಲ್ಲಿ ಅದರರ್ಥ ಒಳ್ಳೆಯ ಅವಕಾಶವಿದೆ ಎಂದು. ನಮ್ಮ ಹುಡುಗ ಬಹಳ ಅವಸರವಿದೆ ಎಂದು ತಿಳಿದು, ದರ ನಿಶ್ಚಯವಾಗುವ ಮೊದಲೇ ಕರಿಮೆಣಸಿನ ಚೀಲಗಳನ್ನು ಲಾರಿಗೆ ಹೇರಿಸಿದ. ಅವರ ‘ಅಪೇಕ್ಷ’ ನಮ್ಮ ಅರ್ಜಿ. ಅವರ ‘ಯೋಗಂ’ ನಮ್ಮ ಸಭೆ. ಇಂಥ ಪದಗಳ ಒಂದು ಪುಟವನ್ನು ಬರೆದು ಪ್ರತಿ ಕೇಂದ್ರದ ಗೋಡೆಗೆ ಅಂಟಿಸಲು ಒಂದು ಮಧ್ಯಾಹ್ನ ಸಾಕು.

ಎರಡೂ ಕಡೆಯವರಿಗೆ ಒಂದೇ ಅರ್ಥ ಕೊಡುವ ಪದಗಳೂ ನಮ್ಮಲ್ಲಿವೆ. ನಮ್ಮ ‘ತೀರ್ಮಾನ’ವೇ ಅವರ ‘ತೀರುಮಾನಂ’, ನಮ್ಮ ‘ಕಾರಣ’ವೇ ಅವರ ‘ಕಾರಣಂ’. ನನ್ನ ಮಾತಿನ ತಿರುಳೂ ಈ ಎರಡು ಪದಗಳಲ್ಲೇ ಇದೆ. ಏನು ತೀರ್ಮಾನವಾಯಿತು, ಯಾವ ಕಾರಣಕ್ಕೆ, ಯಾವ ದಿನದಿಂದ, ಸಂಶಯವಿದ್ದರೆ ಯಾರನ್ನು ಕೇಳಬೇಕು, ಇಷ್ಟನ್ನು ನಾಲ್ಕೈದು ಸಾಲಿನಲ್ಲಿ ಬರೆದು ಎಲ್ಲ ಕೇಂದ್ರಗಳಿಗೂ ಏಕಕಾಲಕ್ಕೆ ಕಳುಹಿಸಿ, ಹಾಗೆ ಕಳುಹಿಸುವವರೆಗೆ ಅದು ತೀರ್ಮಾನವೇ ಅಲ್ಲವೆಂದು ಸಂಸ್ಥೆ ಒಪ್ಪಿಕೊಳ್ಳಬೇಕು. ಧ್ವನಿ ಸಂದೇಶ ಸಾಲದು; ಮೂರು ವಾರ ಕಳೆದ ಮೇಲೆ ಅದನ್ನು ಹುಡುಕಿ ತೆಗೆಯುವುದು ಕಷ್ಟ. ಕಾರಣವನ್ನು ಬಿಡಲೇಬಾರದು. ಗೋದಾಮು ತುಂಬಿದೆ ಎಂದು ಗೊತ್ತಿದ್ದರೆ, ಚೀಲ ತಂದ ಕೃಷಿಕರಿಗೆ ನಾವು ಮರ್ಯಾದೆಯಿಂದ ಒಂದು ಉತ್ತರ ಹೇಳಬಹುದಿತ್ತು.

ಮತ್ತೊಂದು ಮಾತು, ಇದು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ಗಡಿನಾಡಿನ ಪ್ರತಿಯೊಂದು ಕೇಂದ್ರದಲ್ಲಿಯೂ ಎರಡೂ ಭಾಷೆ ಬಲ್ಲ ಒಬ್ಬರು ಇರುತ್ತಾರೆ. ಎರ್ನಾಕುಳದ ಸುತ್ತೋಲೆಯನ್ನು ಕನ್ನಡದಲ್ಲಿ, ಇಲ್ಲಿಯ ದೂರನ್ನು ಮಲಯಾಳದಲ್ಲಿ ಬರೆದು ಕೊಡುವವರು ಅವರೇ. ನಮ್ಮ ಕೇಂದ್ರದ ಗುಮಾಸ್ತೆಯೊಬ್ಬರು ವರ್ಷಗಟ್ಟಲೆ ಈ ಕೆಲಸವನ್ನು ರಾತ್ರಿ ಮನೆಯಲ್ಲಿ ಮಾಡಿದರು. ಬಡ್ತಿಯ ಸಂದರ್ಭದಲ್ಲಿ ಅದು ಯಾವ ಲೆಕ್ಕಕ್ಕೂ ಬರಲಿಲ್ಲ, ಏಕೆಂದರೆ ಅವರ ಕೆಲಸದ ಪಟ್ಟಿಯಲ್ಲಿ ಅನುವಾದ ಎಂಬ ಪದವೇ ಇರಲಿಲ್ಲ. ಈ ಕೆಲಸಕ್ಕೆ ದಿನಕ್ಕೆ ಒಂದು ಗಂಟೆಯನ್ನು ಕಚೇರಿಯ ವೇಳೆಯಲ್ಲಿಯೇ ಮೀಸಲಿಡಬೇಕು, ಪಟ್ಟಿಯಲ್ಲಿ ಬರೆಯಬೇಕು, ಅದಕ್ಕೆ ಭತ್ಯೆಯನ್ನೂ ಕೊಡಬೇಕು ಎಂದು ನಾನು ಕೇಳುತ್ತೇನೆ. ಆ ಗುಮಾಸ್ತೆ ರಜೆಯಲ್ಲಿದ್ದ ವಾರ ನಮ್ಮ ಮೇಜಿನ ಮೇಲೆ ಮೂರು ಸುತ್ತೋಲೆಗಳು ಯಾರೂ ಓದದೆ ಉಳಿದಿದ್ದವು.